ಗರಿಷ್ಠ ೧೮೬, ಕನಿಷ್ಠ ೭

ಮುನ್ನೂರ ನಲವತ್ತೆಂಟು ಜನರನ್ನು ಒಂದೇ ಹಾಳೆಯಲ್ಲಿ ಕೂರಿಸುವ ಕೆಲಸ ವೃಂದಾಳದು. ಇದೇನು ಮಹಾ ಅಂತ ಅನಿಸಬಹುದು. ಕೂರಿಸಿ ನೋಡಿ, ಗೊತ್ತಾಗುತ್ತದೆ. ಒಬ್ಬೊಬ್ಬರದೂ ಒಂದೊಂದು ಕೆಮ್ಮು, ಒಂದೊಂದು ಗೋಳು. ಹೆಸರು ತೆಗೆದು, ಊರು ತೆಗೆದು, ಗೋಳನ್ನೂ ತೆಗೆದು, ಉಳಿದದ್ದನ್ನು ಕೂಡಿಸಿ ಭಾಗಿಸಿ ಸಾಲಾಗಿ ಬರೆಯಬೇಕು. ಸರಾಸರಿ ವಯಸ್ಸು ೬೪.೨. ಗಂಡಸರು ನೂರಕ್ಕೆ ಎಪ್ಪತ್ತೊಂದು. ಜನ್ಮದಲ್ಲಿ ಬೀಡಿ ಸಿಗರೇಟು ಮುಟ್ಟದವರು ನೂರಕ್ಕೆ ಮೂವತ್ತನಾಲ್ಕು. ಚೆನ್ನೈನ ಪೆರುಂಗುಡಿಯ ಗಾಜಿನ ಕಟ್ಟಡವೊಂದರ ಐದನೇ ಮಹಡಿಯಲ್ಲಿ ಹದಿನಾರು ವರ್ಷದಿಂದ ಅವಳು ಮಾಡಿಕೊಂಡು ಬಂದದ್ದು ಇದನ್ನೇ. ಆಸ್ಪತ್ರೆಗಳು ಕಳಿಸುವ ರೋಗಿಗಳ ಮಾಹಿತಿಯನ್ನು ಲೆಕ್ಕಕ್ಕಿಳಿಸುವುದು, ಈ ಅಂಕಿಗಳು ಏನು ಹೇಳುತ್ತಿವೆ ಎಂದು ಡಾಕ್ಟರುಗಳಿಗೆ ಬಿಡಿಸಿ ಹೇಳುವುದು.

ಎಂಟು ತಿಂಗಳ ಹಿಂದೆ ಅವಳ ಅಪ್ಪ ಕಮಲಾಕರ ತೀರಿಕೊಂಡರು. ವರ್ಷಗಟ್ಟಲೆ ಎಳೆದಾಡಿದ ಶ್ವಾಸಕೋಶದ ಕಾಯಿಲೆ. ಅಂದಿನಿಂದ ವೃಂದಾಳಿಗೆ ಏನೂ ಅನಿಸುತ್ತಿರಲಿಲ್ಲ. ಅಳು ಬರಲಿಲ್ಲ. ಬಂದವರೆಲ್ಲ ‘ಅತ್ತುಬಿಡಮ್ಮ, ಹಗುರಾಗುತ್ತೆ’ ಎಂದರೆ ಇವಳು ಅವರಿಗೇ ಕಾಫಿ ಬೆರೆಸಿಕೊಟ್ಟಳು. ಹದಿಮೂರನೇ ದಿನ ಮುಗಿದ ಮಾರನೇ ಬೆಳಿಗ್ಗೆ ಲ್ಯಾಪ್‌ಟಾಪು ಹೆಗಲಿಗೇರಿಸಿ ಬಸ್ಸು ಹತ್ತಿದಳು. ಹಲ್ಲು ಕೀಳಿಸಿಕೊಂಡು ಬಂದ ಮಧ್ಯಾಹ್ನ ದವಡೆ ಮುಟ್ಟಿದರೆ ಯಾರದೋ ದವಡೆ ಅನಿಸುತ್ತದಲ್ಲ, ಅವಳು ಇಡಿಯಾಗಿ ಹಾಗಿದ್ದಳು. ಅಮ್ಮ ಕೂಡ ‘ಇವಳಿಗೆ ಏನಾಗಿದೆಯೋ’ ಎಂದು ನೋಡಿ ನೋಡಿ ಸುಮ್ಮನಾದರು.

ಈ ಶ್ವಾಸಕೋಶದ ಅಧ್ಯಯನ ಅವಳ ಮೇಜಿಗೆ ಬಂದು ಒಂದು ವಾರವಾಗಿತ್ತು. ಬೇಡ ಅನ್ನಬಹುದಿತ್ತು. ಅನ್ನಬೇಕಿತ್ತು, ಬಿಡಿ. ಎಗ್ಮೋರಿನ ಎದೆರೋಗದ ಕ್ಲಿನಿಕ್ಕೊಂದರ ರೋಗಿಗಳ ಪಟ್ಟಿ ಅದು, ಅದರಲ್ಲಿ ಅಪ್ಪನೂ ಇದ್ದಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅಯ್ಯೋ ಪಾಪ ಅನ್ನುತ್ತಾರೆ, ಆ ಅಯ್ಯೋ ಪಾಪಕ್ಕೆ ಮತ್ತೆ ಮುಖ ಕೊಟ್ಟುಕೊಂಡು ನಿಲ್ಲಬೇಕು. ಹೆಸರಿಲ್ಲದ ಪಟ್ಟಿ, ನಾನೇನು ಹುಡುಕಲು ಹೋಗುವುದಿಲ್ಲವಲ್ಲ ಎಂದುಕೊಂಡು ಒಪ್ಪಿಕೊಂಡಳು.

ಜೊತೆಗೆ ಸಂಹಿತಾ ಇದ್ದಳು. ಇಪ್ಪತ್ತನಾಲ್ಕರ ಹುಡುಗಿ, ಕೆಲಸಕ್ಕೆ ಸೇರಿ ಒಂದು ವರ್ಷ. ಮನೆಮಾತು ಕನ್ನಡವೇ, ಬ್ಯಾಂಕಿನವರ ಮಗಳು. ಆದರೆ ಹುಟ್ಟಿದ್ದು ಓದಿದ್ದು ಎಲ್ಲ ಇಲ್ಲೇ ಆದ್ದರಿಂದ ವೃಂದಾ ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ತಮಿಳಿನಲ್ಲಿ ಬರುತ್ತಿತ್ತು. ಬುಧವಾರ ಬೆಳಿಗ್ಗೆ ಕುರ್ಚಿ ಎಳೆದುಕೊಂಡು ಬಂದಳು.

“ಅಕ್ಕಾ, ಇದು ಎನ್ನ ಅನಿಯಾಯಂ! ಮೀನ್ ಟ್ವೆಂಟಿ, ಆನಾ ಟ್ವೆಂಟೀಲ ಆಳೇ ಇಲ್ಲೆ.”

ಸರಾಸರಿ ಇಪ್ಪತ್ತು, ಆದರೆ ಇಪ್ಪತ್ತರ ಹತ್ತಿರ ಜನರೇ ಇಲ್ಲ ಎಂಬುದು ಅವಳ ದೂರು. ಯಾವುದರ ಇಪ್ಪತ್ತು ಎಂದರೆ, ಕ್ಲಿನಿಕ್ಕಿನಲ್ಲಿ ಪ್ರತಿ ರೋಗಿಗೂ ಎಂಟು ಪ್ರಶ್ನೆ ಕೇಳುತ್ತಾರೆ. ಕೆಮ್ಮು ಎಷ್ಟು, ಕಫ ಎಷ್ಟು, ಮೆಟ್ಟಿಲು ಹತ್ತಿದರೆ ಏದುಸಿರು ಎಷ್ಟು, ನಿದ್ದೆ ಹೇಗೆ, ಹೀಗೆ. ಒಂದೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ಸೊನ್ನೆ ಅಂದರೆ ತೊಂದರೆಯೇ ಇಲ್ಲ, ಐದು ಅಂದರೆ ಸಾಕಪ್ಪಾ ಸಾಕು. ಒಟ್ಟು ನಲವತ್ತು. ಹದಿನೆಂಟು ದಾಟಿದವರ ಮನೆಗೆ ವಾರಕ್ಕೊಮ್ಮೆ ನರ್ಸ್ ಬರುತ್ತಾರೆ. ಉಸಿರಾಟದ ವ್ಯಾಯಾಮ ಮಾಡಿಸುತ್ತಾರೆ, ಬೆರಳಿಗೆ ಕ್ಲಿಪ್ಪು ಹಾಕಿ ಆಮ್ಲಜನಕ ನೋಡುತ್ತಾರೆ, ಹದಗೆಟ್ಟರೆ ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡುತ್ತಾರೆ. ದಾಟದವರಿಗೆ ಮೂರು ತಿಂಗಳಿಗೊಮ್ಮೆ ಬಂದು ಹೋಗಿ ಎಂದು ಚೀಟಿ ಅಷ್ಟೆ. ಸಂಹಿತಾ ಹೇಳುತ್ತಿದ್ದದ್ದು ಕಾಯಿಲೆ ತೀವ್ರವಾಗಿರುವ ಗುಂಪಿನ ಬಗ್ಗೆ. ಊದುವ ಯಂತ್ರಕ್ಕೆ ಬಾಯಿಟ್ಟರೆ, ಆರೋಗ್ಯವಂತರು ಊದುವುದರಲ್ಲಿ ಅರ್ಧವನ್ನೂ ಊದಲಾಗದ ನೂರ ಇಪ್ಪತ್ತೆರಡು ಜನ.

“ಸರಾಸರಿ ಅನ್ನೋನು ಯಾರೂ ಅಲ್ಲ ಕಣೆ,” ವೃಂದಾ ಹೇಳಿದಳು. “ಅವನ ಮನೆ ಹುಡುಕ್ಕೊಂಡು ಹೋಗ್ಬೇಡ. ಪಕ್ಕದಲ್ಲಿ ಎಸ್‌ಡಿ ನೋಡು, ಎಂಟು ಪಾಯಿಂಟ್ ಎಂಟು. ಜನ ಒಂದ್ಕಡೆ ನಿಂತಿಲ್ಲ, ಚೆಲ್ಲಾಪಿಲ್ಲಿ ಆಗಿದಾರೆ ಅಂತರ್ಥ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಡುವಿನವರನ್ನ ಕೇಳಿದ್ರೆ ಇಪ್ಪತ್ತಮೂರು ಅಂತಾರೆ. ಸರಾಸರಿ ಅದಕ್ಕಿಂತ ಕೆಳಗಿದೆ. ಅಂದ್ರೆ ಯಾರೋ ಒಂದಷ್ಟು ಜನ ಕೆಳಗಿನಿಂದ ಕಾಲು ಹಿಡ್ಕೊಂಡು ಎಳೀತಿದಾರೆ. ಚಿತ್ರ ಬರೆದು ನೋಡು.”

ಸಂಹಿತಾ ಬರೆದಳು. ಪರದೆಯ ಮೇಲೆ ಎರಡು ದಿಬ್ಬ ಎದ್ದವು. ದೊಡ್ಡದು ಇಪ್ಪತ್ತೈದರ ಸುತ್ತ. ಚಿಕ್ಕದು ಏಳೆಂಟರ ಸುತ್ತ. ನಡುವೆ ತಗ್ಗು.

“ಒಟ್ಟಗಂ!” ಎಂದು ನಕ್ಕಳು. ಒಂಟೆಯಂತೆ. ಚಿಕ್ಕ ದಿಬ್ಬದಲ್ಲಿ ಮೂವತ್ತೊಂದು ಜನ. ಪುಪ್ಪುಸದಲ್ಲಿ ಅರ್ಧ ಉಸಿರೂ ಇಲ್ಲ, ಕೇಳಿದರೆ ಅಂಥಾ ತೊಂದರೆಯೇನೂ ಇಲ್ಲ ಎಂದವರು. “ಇವಂಗ ಎಲ್ಲಾಂ ಮೂಚ್ಚೇ ವಿಡಾಮ ವಾಳ್‌ರಾಂಗಳಾ ಅಕ್ಕಾ?” ಉಸಿರೇ ಆಡದೆ ಬದುಕುವವರಾ ಇವರೆಲ್ಲ ಎಂದು ಅವಳ ಕುಚೋದ್ಯ. ವೃಂದಾ ನಗಲಿಲ್ಲ. ಬೇಸರವೂ ಆಗಲಿಲ್ಲ. ಮೂವತ್ತೊಂದು ಎಂದು ಬರೆದುಕೊಂಡಳು.

ಮಧ್ಯಾಹ್ನ ಅಧ್ಯಯನದ ಮುಖ್ಯಸ್ಥ ಡಾಕ್ಟರ್ ಶಂಕರನಾರಾಯಣ ಫೋನಿನಲ್ಲಿ ಸಿಕ್ಕರು. ಒಳ್ಳೆಯ ಮನುಷ್ಯ, ರೋಗಿಗಳಿಗಾಗಿ ಓಡಾಡುವವರು, ಆದರೆ ಯಾವಾಗಲೂ ಒಂದು ಕಾಲು ಲಿಫ್ಟಿನಲ್ಲಿಟ್ಟುಕೊಂಡೇ ಮಾತನಾಡುವವರು.

“ಆ ಮೂವತ್ತೊಂದು ಬರೆದುಕೊಂಡದ್ದರಲ್ಲಿ ತಪ್ಪಾಗಿದೆ. ಅಂಥ ಪುಪ್ಪುಸ ಇಟ್ಟುಕೊಂಡು ಅಂಥ ಅಂಕ ಸಾಧ್ಯವೇ ಇಲ್ಲ. ತೆಗೆದುಹಾಕಿ. ತೆಗೆದರೆ ಎಷ್ಟು ಬರುತ್ತೆ?”

“ಸರಾಸರಿ ಇಪ್ಪತ್ತೈದು, ಎಸ್‌ಡಿ ನಾಲ್ಕು.”

“ನೋಡಿ, ಎಷ್ಟು ಲಕ್ಷಣವಾಗಿದೆ! ಶುಕ್ರವಾರ ಕಳಿಸಿಬಿಡಿ. ಮುಂದಿನ ವರ್ಷ ಯಾರ ಮನೆಗೆ ನರ್ಸ್ ಹೋಗಬೇಕು ಅನ್ನೋ ಪಟ್ಟಿ ಇದರ ಮೇಲೇ ಮಾಡಬೇಕು.”

“ತೆಗೆದುಹಾಕಿದವರದು?”

“ಅವರು ಹದಿನೆಂಟು ದಾಟಿಲ್ಲವಲ್ಲಮ್ಮ. ಎಂದಿನ ಹಾಗೆ ಮೂರು ತಿಂಗಳಿಗೊಮ್ಮೆ ಬರಲಿ.”

“ಸರಿ ಡಾಕ್ಟರ್,” ಎಂದಳು ವೃಂದಾ. ಅವಳ ಬಾಯಲ್ಲಿ ಎಂಟು ತಿಂಗಳಿಂದ ಸಲೀಸಾಗಿ ಬರುತ್ತಿದ್ದ ಮಾತು ಅದೊಂದೇ.

ಫೋನಿಟ್ಟು, ಆ ಗುಂಪಿನ ಪಟ್ಟಿಯ ಮೊದಲ ಸಾಲುಗಳನ್ನು ತುಂಬಿಸತೊಡಗಿದಳು. ವಯಸ್ಸು. ತೂಕ. ಎತ್ತರ: ಸರಾಸರಿ ೧೬೧, ಕನಿಷ್ಠ ೧೪೧, ಗರಿಷ್ಠ ೧೮೬.

ಬೆರಳು ಅಲ್ಲೇ ನಿಂತಿತು. ಸರಾಸರಿ ಯಾರೂ ಅಲ್ಲ, ಒಪ್ಪಿದ ಮಾತು. ಆದರೆ ಗರಿಷ್ಠ ಅನ್ನುವುದು ಯಾರೋ ಒಬ್ಬ ಮನುಷ್ಯ. ಉಸಿರಾಡಿದ, ಚಪ್ಪಲಿ ಹಾಕಿಕೊಂಡು ಬಂದ, ಗೋಡೆಗೆ ಬೆನ್ನು ಕೊಟ್ಟು ನಿಂತು ಅಳತೆ ಕೊಟ್ಟ ಒಬ್ಬ ಮನುಷ್ಯ. ಹುಡುಕುವುದಿಲ್ಲ ಎಂದುಕೊಂಡಿದ್ದಳು, ಅವರೇ ಬಂದು ಎದುರಿಗೆ ನಿಂತರು.

ಕಮಲಾಕರ ಬಂಗಾರಪೇಟೆಯ ಕಡೆಯವರು. ಇಪ್ಪತ್ತೊಂದನೇ ವಯಸ್ಸಿಗೆ ರೈಲ್ವೆಯಲ್ಲಿ ಫೈರ್‌ಮನ್ ಆಗಿ ಸೇರಿ, ಉಗಿಬಂಡಿಯ ಒಲೆಗೆ ಹದಿನೈದು ವರ್ಷ ಕಲ್ಲಿದ್ದಲು ಎತ್ತಿ ಹಾಕಿ, ಆಮೇಲೆ ಡ್ರೈವರ್ ಆಗಿ, ಮದ್ರಾಸಿನಲ್ಲೇ ನಿವೃತ್ತರಾದವರು. ವೆಸ್ಟ್ ಮಾಂಬಲಂನ ಆ ಗಲ್ಲಿಯಲ್ಲಿ ‘ಉದ್ದದ ಡ್ರೈವರ್ ಮನೆ’ ಅಂದರೆ ಹಾಲಿನವನಿಂದ ಹಿಡಿದು ಎಲ್ಲರಿಗೂ ಗೊತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಮೂವತ್ತು ವರ್ಷ ತಲೆ ಬಗ್ಗಿಸಿಯೇ ಓಡಾಡಿದರು, ಆದರೂ ವಾರಕ್ಕೊಮ್ಮೆ ಡಬ್ ಅಂತ ಹೊಡೆಸಿಕೊಂಡು ಬಾಗಿಲನ್ನೇ ಬೈಯುತ್ತಿದ್ದರು. ಕೊನೆಗೆ ಚಟ್ಟ ಕಟ್ಟುವವನು ಒಮ್ಮೆ ಅಳೆದು ನೋಡಿ, ಇನ್ನೂ ಉದ್ದದ ಬಿದಿರು ತರಿಸಿದ್ದ.

ವೃಂದಾ ಆ ಸಾಲನ್ನು ತೆರೆದಳು. ಸಾಲು ಇನ್ನೂರ ಏಳು. ವಯಸ್ಸು ೭೧. ವೃತ್ತಿ ರೈಲ್ವೆ. ಬೀಡಿ ಸಿಗರೇಟು ಇಲ್ಲ. ಊದಿದ ಗಾಳಿ ನೂರಕ್ಕೆ ೩೮. ಎಂಟು ಪ್ರಶ್ನೆಯ ಒಟ್ಟು ಅಂಕ ೭. ಉತ್ತರಿಸಿದವರು: ರೋಗಿ. ಈಗಿನ ಸ್ಥಿತಿ: ೨. ಒಂದು ಅಂದರೆ ಬದುಕಿದ್ದಾರೆ, ಎರಡು ಅಂದರೆ ಇಲ್ಲ. ಆ ಗುರುತುಗಳನ್ನು ಗೊತ್ತುಮಾಡಿದವಳು ಅವಳೇ.

ಮೂವತ್ತೊಂದರಲ್ಲಿ ಇದೂ ಒಂದು. ಶುಕ್ರವಾರ ತೆಗೆದುಹಾಕಬೇಕಾದ ಸಾಲು.

‘ಉತ್ತರಿಸಿದವರು’ ಎಂಬ ಕಾಲಮ್ಮನ್ನು ಮೇಲಿನಿಂದ ಕೆಳಗೆ ಎಳೆದು ನೋಡಿದಳು. ರೋಗಿ, ರೋಗಿ, ರೋಗಿ. ಮುನ್ನೂರ ನಲವತ್ತೆಂಟಕ್ಕೆ ಮುನ್ನೂರ ನಲವತ್ತೆಂಟೂ ರೋಗಿಯೇ. ಒಬ್ಬರ ಹೆಂಡತಿಯೂ ನಡುವೆ ಬಾಯಿ ಹಾಕಲಿಲ್ಲವಂತೆ, ಒಬ್ಬರ ಮಗನೂ ‘ಅಪ್ಪನಿಗೆ ಗೊತ್ತಾಗಲ್ಲ, ನಾನು ಹೇಳ್ತೀನಿ’ ಅನ್ನಲಿಲ್ಲವಂತೆ. ಈ ಊರಿನಲ್ಲಿ! ನಂಬುವ ಮಾತೇ ಇದು? ಹಾಳೆ ತುಂಬಿಸಿದವರು ಕಣ್ಣು ಮುಚ್ಚಿಕೊಂಡು ಒಂದೇ ಕಡೆ ಗುರುತು ಹಾಕುತ್ತಾ ಹೋಗಿದ್ದರು. ಬೇರೆ ಯಾರಾದರೂ ನೋಡಿದ್ದರೆ ಅನುಮಾನಪಡುತ್ತಿದ್ದರು, ಅಷ್ಟೆ. ವೃಂದಾಳಿಗೆ ಅನುಮಾನ ಬೇಕಿರಲಿಲ್ಲ. ಇನ್ನೂರ ಏಳನೇ ಸಾಲಿನ ಏಳನ್ನು ಹೇಳಿದ ಬಾಯಿ ಅವಳದೇ.

ಒಂದೂವರೆ ವರ್ಷದ ಹಿಂದಿನ ಮಾತು. ಆ ಎಂಟು ಪ್ರಶ್ನೆಗಳನ್ನು ಹೇಗೆ ಕೇಳಬೇಕು ಎಂದು ನರ್ಸುಗಳಿಗೆ ಒಂದು ಕೈಪಿಡಿ ಬೇಕಾಗಿತ್ತು, ಬರೆದುಕೊಟ್ಟದ್ದು ವೃಂದಾ. ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿದ್ದಳು: ಉತ್ತರವನ್ನು ರೋಗಿಯೇ ಹೇಳಬೇಕು, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ. ಅದಾಗಿ ಎರಡೇ ತಿಂಗಳಿಗೆ ಅದೇ ಕ್ಲಿನಿಕ್ಕಿನಲ್ಲಿ ಅಪ್ಪನ ಪಕ್ಕದ ಕುರ್ಚಿಯಲ್ಲಿ ಅವಳೇ ಕೂತಿದ್ದಳು. ಆ ಕಡೆ ಅಮ್ಮ ಜಯಲಕ್ಷ್ಮೀ. ಎದುರಿಗೆ ಹಾಳೆ ಹಿಡಿದ ಸೀತಾ ಸಿಸ್ಟರ್. ಕೈಪಿಡಿ ಬರೆದ ಅಮ್ಮನವರೇ ಬಂದಿದ್ದಾರೆ, ಅವರನ್ನು ಹೊರಗೆ ಹೋಗಿ ಅನ್ನುವುದು ಹೇಗೆ ಎಂದು ಸಿಸ್ಟರೂ ಸುಮ್ಮನಾದರು.

“ರಾತ್ರಿ ನಿದ್ದೆ ಹೇಗೆ ಬರುತ್ತೆ ಸಾರ್?” ಎಂದು ಸಿಸ್ಟರ್ ತಮಿಳಿನಲ್ಲಿ ಕೇಳಿದರು.

ಅಪ್ಪ ಒಂದು ಬೆರಳೆತ್ತಿದರು. ಇರಿ, ಹೇಳ್ತೀನಿ ಎನ್ನುವ ಹಾಗೆ. ಮಾತಾಡಬೇಕಾದರೆ ಮೊದಲು ಉಸಿರು ಎಳೆದುಕೊಳ್ಳಬೇಕು, ಅದಕ್ಕೆ ಹೊತ್ತು ಬೇಕು. ಆ ಬೆರಳು ಗಾಳಿಯಲ್ಲೇ ಇತ್ತು, ಅಷ್ಟರಲ್ಲಿ ಅಮ್ಮ ಬಾಯಿ ಹಾಕಿದರು. “ನಲ್ಲಾ ತೂಂಗುವಾರ್ ಮಾ.” ಚೆನ್ನಾಗಿಯೇ ಮಲಗುತ್ತಾರೆ. ಹೇಳಿ ವೃಂದಾಳ ಕಡೆ ಕಣ್ಣಿನಲ್ಲೇ ಸನ್ನೆ ಮಾಡಿದರು, ನೀನೂ ಹೇಳು ಅಂತ.

ಅವರ ಮನೆಯ ಕಟ್ಟಳೆ ಅದು. ಕಾಯಿಲೆಯವರ ಕಿವಿಗೆ ಕಾಯಿಲೆಯ ಮಾತು ಬೀಳಬಾರದು. ಅಜ್ಜಿಗೆ ಕ್ಯಾನ್ಸರ್ ಆದಾಗಲೂ ಅವರೆದುರು ಅದು ಕೊನೆಯವರೆಗೆ ‘ಸ್ವಲ್ಪ ಸುಸ್ತು’ ಆಗಿಯೇ ಇತ್ತು. ಹೇಗಿದ್ದೀರಿ ಎಂದು ಬೀದಿಯಲ್ಲಿ ಯಾರು ಕೇಳಿದರೂ ‘ಚೆನ್ನಾಗಿದೀವಿ’ ಎನ್ನುವುದು ಪ್ರಶ್ನೆ ಮುಗಿಯುವ ಮೊದಲೇ ಬಾಯಿಂದ ಹೊರಗೆ ಬಂದಿರುತ್ತಿತ್ತು. ಅಂಥ ಮನೆಯಲ್ಲಿ ಬೆಳೆದವಳು ವೃಂದಾ. ಅದೂ ಅಲ್ಲದೆ ಎರಡು ಗಂಟೆಗೆ ಪೆರುಂಗುಡಿಯಲ್ಲಿ ಮೀಟಿಂಗ್ ಇತ್ತು, ಗಡಿಯಾರ ಒಂದು ಗಂಟೆ ತೋರಿಸುತ್ತಿತ್ತು.

“ನಿದ್ದೆಗೆ ಒಂದು ಹಾಕಿ ಸಿಸ್ಟರ್,” ಎಂದಳು. “ಕೆಮ್ಮು ಒಂದು. ಕಫ ಒಂದು. ಎದೆ ಬಿಗಿತ ಸೊನ್ನೆ. ಮೆಟ್ಟಿಲು… ಎರಡು ಹಾಕಿ.” ಎಂಟು ಪ್ರಶ್ನೆ ಎರಡು ನಿಮಿಷಕ್ಕೆ ಮುಗಿಯಿತು. ಕೂಡಿದರೆ ಏಳು. ಅಪ್ಪ ಎತ್ತಿದ ಬೆರಳನ್ನು ನಿಧಾನವಾಗಿ ಇಳಿಸಿ ತೊಡೆಯ ಮೇಲಿಟ್ಟುಕೊಂಡರು. ಹೊರಗೆ ಬಂದ ಮೇಲೆ, ಆಟೋಗೆ ಕಾಯುತ್ತಾ, “ಅಂತೂ ನನ್ನ ಪಾಸ್ ಮಾಡಿಸಿಬಿಟ್ಟೆ,” ಎಂದು ನಕ್ಕರು. ಆ ನಗೆಯ ಹಿಂದೆಯೇ ಕೆಮ್ಮು ಬಂತು. ವೃಂದಾ ಎರಡಕ್ಕೆ ಹತ್ತು ನಿಮಿಷ ಇರುವಾಗಲೇ ಆಫೀಸು ಮುಟ್ಟಿದಳು. ಮೀಟಿಂಗ್ ಮುಂದಕ್ಕೆ ಹೋಗಿತ್ತು.

ಬುಧವಾರ ಸಂಜೆ ಮನೆಗೆ ಬಂದಾಗ ಅಮ್ಮ ನಡುಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ವೃಂದಾ ಕೈಕಾಲು ಕೂಡ ತೊಳೆಯದೆ ಎದುರಿಗೆ ಕೂತಳು.

“ಅಮ್ಮ, ಎಗ್ಮೋರಲ್ಲಿ ಎಂಟು ಪ್ರಶ್ನೆ ಕೇಳಿದ್ರಲ್ಲ, ನೆನಪಿದೆಯಾ?”

“ನೀನೇ ಟಕಟಕ ಅಂತ ಹೇಳ್ದೆಯಲ್ಲ. ಯಾಕೀಗ ಅದು?”

“ಅದನ್ನೇ ಈಗ ಕೇಳ್ತೀನಿ. ಇದ್ದದ್ದು ಇದ್ದ ಹಾಗೆ ಹೇಳು.”

“ಹೋದವರದ್ದು ಈಗ ಎತ್ಕೊಂಡು ಏನ್ ಮಾಡ್ತೀಯೇ? ಹುಚ್ಚು ಗಿಚ್ಚು ಹಿಡೀತಾ?” ಎಂದರು ಜಯಲಕ್ಷ್ಮೀ. ಮಗಳ ಮುಖ ನೋಡಿದರು. ಅಲ್ಲಿ ಓದುವಂಥದ್ದು ಏನೂ ಇರಲಿಲ್ಲ, ಅದಕ್ಕೇ ಹೆದರಿಕೆಯಾಯಿತು. ಸೊಪ್ಪಿನ ತಟ್ಟೆ ಪಕ್ಕಕ್ಕೆ ಸರಿಸಿದರು. “ಸೆರಿ, ಕೇಳು.”

ವೃಂದಾ ಹಳೆಯ ಕವರೊಂದರ ಹಿಂಬದಿಗೆ ಒಂದರಿಂದ ಎಂಟರವರೆಗೆ ಬರೆದುಕೊಂಡಳು. ಕೆಮ್ಮು? “ನಾಲ್ಕು ಅನ್ನು. ಪಕ್ಕದ ಮನೆಯವರು ಕಿಟಕಿ ಹಾಕ್ಕೊಳೋರು.” ಕಫ? “ಅದೂ ನಾಲ್ಕೇ.” ಎದೆ ಬಿಗಿತ ಮೂರು. ಮೆಟ್ಟಿಲು? “ಐದು. ಒಂದ್ ಮಹಡಿಗೆ ಮೂರ್ ಕಡೆ ಕೂರೋರು. ಯಾರಾದ್ರೂ ಬಂದ್ರೆ ಚಪ್ಪಲಿ ಬಾರ್ ಸರಿ ಮಾಡ್ಕೊಳೋ ಹಾಗೆ ನಾಟ್ಕ ಆಡೋರು.” ಮನೆಯೊಳಗಿನ ಕೆಲಸ ನಾಲ್ಕು. ಹೊರಗೆ ಹೋಗುವ ಧೈರ್ಯ ನಾಲ್ಕು.

“ನಿದ್ದೆ?”

ಜಯಲಕ್ಷ್ಮೀ ಪಕ್ಕದ ಬೆತ್ತದ ಕುರ್ಚಿಯ ಕಡೆ ನೋಡಿದರು. “ಮಲಗಿದ್ದೆಲ್ಲಿ? ಎಗ್ಮೋರಿಗೆ ಹೋಗೋಕೆ ನಾಲ್ಕು ತಿಂಗಳು ಮೊದ್ಲಿಂದಾನೇ ಮಲಗಿದ್ರೆ ಉಸಿರು ಕಟ್ಟೋದು. ಈ ಬೆತ್ತದ ಕುರ್ಚೀಲೇ ಕೂತು ಬೆಳಗು ಮಾಡೋರು. ನಿನ್ ರೂಮಿನ ಚಿಲಕದ ಸದ್ದಾದ್ರೆ ಎದ್ದು ಹೋಗಿ ಹಾಸಿಗೆ ಮೇಲೆ ಬೀಳೋರು. ಮಗು ನೋಡಿದ್ರೆ ಗಾಬರಿ ಆಗುತ್ತೆ ಅಂತ. ನಂಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು.”

ಮಗುವಿಗೆ ಆಗ ನಲವತ್ತು ತುಂಬಿತ್ತು. ಆ ಮಗು ನಿದ್ದೆಯ ಮುಂದೆ ಐದು ಎಂದು ಬರೆದು, ಕೊನೆಯದಕ್ಕೆ ನಾಲ್ಕು ಹಾಕಿ, ಅಡ್ಡಗೆರೆ ಎಳೆದು ಕೂಡಿಸಿತು. ಮೂವತ್ತಮೂರು.

“ಅವತ್ತೇ ಮೂವತ್ತಮೂರು ಅಂದಿದ್ರೆ ಏನಾಗ್ತಿತ್ತು?” ಅಮ್ಮ ಕೇಳಿದರು.

“ವಾರವಾರ ಮನೆಗೆ ನರ್ಸ್ ಬರ್ತಿದ್ರು. ಹದಗೆಟ್ಟಿದ್ದು ಬೇಗ ಗೊತ್ತಾಗ್ತಿತ್ತು.”

“ಉಳೀತಿದ್ರಾ?”

“ಗೊತ್ತಿಲ್ಲಮ್ಮ. ನೂರು ಜನರಲ್ಲಿ ಎಷ್ಟು ಜನ ಉಳೀತಾರೆ ಅಂತ ಹೇಳ್ಬಹುದು. ಒಬ್ಬರ ಬಗ್ಗೆ ಹೇಳೋಕಾಗಲ್ಲ.”

“ನೂರು ಜನ ಕಟ್ಕೊಂಡು ನಂಗೇನೇ ಆಗ್ಬೇಕು,” ಎಂದರು ಜಯಲಕ್ಷ್ಮೀ. ಸೊಪ್ಪಿನ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಬಿಡಿಸತೊಡಗಿದರು. ತಲೆಯೆತ್ತದೆ ಹೇಳಿದರು: “ಸನ್ನೆ ಮಾಡಿದ್ದು ನಾನು.”

“ಹೇಳಿದ್ದು ನಾನು.”

ಕುಕ್ಕರ್ ಕೂಗಿತು, ಅಮ್ಮ ಎದ್ದು ಹೋದರು. ವೃಂದಾ ಅಳು ಬರುತ್ತದೇನೋ ಎಂದು ಕಾದು ನೋಡಿದಳು, ಬರಲಿಲ್ಲ. ಊಟಕ್ಕೆ ಕರೆದಾಗ ಎದ್ದು ಹೋಗಿ ಉಂಡಳು.

ಶುಕ್ರವಾರದವರೆಗೆ ಒಂದು ದಿನವಿತ್ತು. ದಾರಿ ಎರಡೇ. ಡಾಕ್ಟರು ಹೇಳಿದಂತೆ ಮೂವತ್ತೊಂದನ್ನೂ ತೆಗೆದುಹಾಕಿದರೆ ಅಪ್ಪನ ಸಾಲು ಹೋಗುತ್ತದೆ, ಅದರ ಜೊತೆ ಅವಳ ಸುಳ್ಳೂ ಹೋಗುತ್ತದೆ. ಲೋಕದಲ್ಲಿ ಒಬ್ಬರಿಗೂ ಗೊತ್ತಾಗುವುದಿಲ್ಲ. ಪಟ್ಟಿ ಲಕ್ಷಣವಾಗಿರುತ್ತದೆ. ಆದರೆ ಆ ಮೂವತ್ತೊಂದರಲ್ಲಿ ಎಷ್ಟು ಜನರ ಮುಂದೆ ‘೧’ ಇದೆ ಎಂದು ಅವಳು ಎಣಿಸಿದ್ದಳು. ಇಪ್ಪತ್ತೈದು. ಇಪ್ಪತ್ತೈದು ಜನ ಈ ಊರಿನಲ್ಲೇ ಎಲ್ಲೋ ಕುರ್ಚಿಯಲ್ಲಿ ಕೂತು ಬೆಳಗು ಮಾಡುತ್ತಿರಬಹುದು, ಮನೆಯವರು ಚೆನ್ನಾಗಿದ್ದಾರೆ ಅನ್ನುತ್ತಿರಬಹುದು, ಅವರ ಮನೆಗೆ ಯಾರೂ ಹೋಗುವುದಿಲ್ಲ. ತಪ್ಪು ಅಂಕ ಅಂತ ಒಮ್ಮೆ ಕೈಬಿಟ್ಟರೆ ಮುಂದೆ ಅವರನ್ನು ಕೇಳುವವರೂ ಇರುವುದಿಲ್ಲ. ಹೀಗೆಲ್ಲ ಯೋಚಿಸುವಾಗಲೂ ಅವಳಿಗೆ ಮರುಕವಾಗಲಿ ಪಶ್ಚಾತ್ತಾಪವಾಗಲಿ ಹುಟ್ಟಲಿಲ್ಲ, ಸುಳ್ಳು ಹೇಳುವುದೇಕೆ. ಲೆಕ್ಕ ತಪ್ಪಿದೆ, ತಿದ್ದಬೇಕು ಎಂಬುದಷ್ಟೇ ಮರಗಟ್ಟಿದ ಆ ತಲೆಗೆ ಹೊಳೆದದ್ದು.

ಗುರುವಾರ ಬೆಳಿಗ್ಗೆ ಫೋನ್ ಮಾಡಿದಳು. ಸಂಹಿತಾ ಪಕ್ಕದಲ್ಲೇ ಕೂತಿದ್ದಳು.

“ಡಾಕ್ಟರ್, ಆ ಮೂವತ್ತೊಂದು ಬರೆದುಕೊಂಡವರ ತಪ್ಪಲ್ಲ. ಜೊತೆಗೆ ಬಂದವರು ಉತ್ತರ ಹೇಳಿದ್ದಾರೆ, ಹಾಳೆಯಲ್ಲಿ ರೋಗಿ ಅಂತ ಗುರುತು ಬಿದ್ದಿದೆ.”

“ಊಹೆ ಮೇಲೆ ಹೇಳ್ತಿದೀರಾ?”

“ಇಲ್ಲ. ಇನ್ನೂರ ಏಳನೇ ಸಾಲು ನಮ್ಮಪ್ಪ. ಅವರ ಉತ್ತರ ಹೇಳಿದ್ದು ನಾನು. ನಿಜವಾದ ಅಂಕ ಮೂವತ್ತಮೂರು. ನಾನು ಏಳು ಅಂದೆ.”

ಆ ಕಡೆ ಲಿಫ್ಟಿನ ಗಂಟೆ ಬಾರಿಸಿತು. ಡಾಕ್ಟರು ಹತ್ತಲಿಲ್ಲ ಎಂದು ಕಾಣುತ್ತದೆ, ಅದು ಮತ್ತೆ ಬಾರಿಸಿತು.

“ನಿಮ್ಮ ತಂದೆ ಈ ಪಟ್ಟಿಯಲ್ಲಿದ್ದಾರೆ ಅಂತ ಮೊದಲೇ ಯಾಕಮ್ಮ ಹೇಳಲಿಲ್ಲ?” ದನಿ ಗಟ್ಟಿಯಾಯಿತು. “ನಿಮಗೆ ನಿಯಮ ಗೊತ್ತಿಲ್ವಾ? ಆ ಕೈಪಿಡಿ ಬರೆದವರೇ ನೀವು! ಇನ್ಮೇಲೆ ಈ ಕೆಲಸದಲ್ಲಿ ನೀವಿರೋ ಹಾಗಿಲ್ಲ. ನಿಮ್ಮ ಮೇಲಿನವರಿಗೂ ಬರೀಬೇಕಾಗುತ್ತೆ.”

“ಬರೀರಿ ಡಾಕ್ಟರ್. ಆದ್ರೆ ಇಪ್ಪತ್ತೈದು ಜನ ಇನ್ನೂ ಇದ್ದಾರೆ. ಒಬ್ಬೊಬ್ಬರನ್ನೇ ಒಳಗೆ ಕರೆದು ಇನ್ನೊಂದ್ಸಲ ಕೇಳಿಸಿ. ಹೆಂಡತಿ ಮಕ್ಕಳು ಎಷ್ಟೇ ಹಟ ಮಾಡಿದ್ರೂ ಹೊರಗೆ ಕೂರ್ಲಿ. ಪ್ರಶ್ನೆ ಕೇಳಿದ ಮೇಲೆ ಅವರು ಬೆರಳೆತ್ತಿದ್ರೆ, ಉಸಿರು ಎಳೆದುಕೊಳ್ಳೋವರೆಗೂ ಸಿಸ್ಟರ್ ಕಾಯ್ಬೇಕು. ಅದೊಂದು ಕೈಪಿಡೀಲಿ ಬರೆಯೋಕೆ ಬಿಟ್ಟುಹೋಗಿತ್ತು.”

ಡಾಕ್ಟರು ಆಗಲಿ ಎಂದರು. ಫೋನಿಟ್ಟಾಗ ಸಂಹಿತಾ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ನಾಲ್ಕು ದಿನ ಬಿಟ್ಟು ವೃಂದಾಳಿಗೆ ಎಚ್ಚರಿಕೆಯ ಪತ್ರ ಬಂತು. ಬೇರೆ ಕೆಲಸ ಕೊಟ್ಟರು, ಸಕ್ಕರೆ ಕಾಯಿಲೆಯದು. ಅದನ್ನು ಮಾಡಿಕೊಂಡು ಇದ್ದಳು.

ಮೂರು ವಾರದ ಮೇಲೆ ಸಂಹಿತಾ ಒಂದು ಹಾಳೆ ಹಿಡಿದು ಬಂದಳು. ಹೊಸ ಪಟ್ಟಿ. ಇಪ್ಪತ್ತೈದು ಜನರಲ್ಲಿ ಇಪ್ಪತ್ತೆರಡು ಜನ ಹದಿನೆಂಟು ದಾಟಿದ್ದರು. ಅದರಲ್ಲೊಬ್ಬ ಮುದುಕರು ಮೊದಲು ಆರು ಅಂದವರು ಈಗ ಮೂವತ್ತೈದು ಅಂದರಂತೆ. ಇಷ್ಟು ದಿನ ಯಾರೂ ತಮ್ಮನ್ನು ಕೇಳಿರಲಿಲ್ಲ ಎಂದು ಸೀತಾ ಸಿಸ್ಟರ ಕೈ ಹಿಡಿದುಕೊಂಡು ಎಂಟು ಪ್ರಶ್ನೆಗೆ ಮುಕ್ಕಾಲು ಗಂಟೆ ತೆಗೆದುಕೊಂಡರಂತೆ. ಅವರ ಮನೆಗೆ ನರ್ಸ್ ಹೋಗಲು ಶುರುವಾಗಿತ್ತು. ಸರಾಸರಿ ೨೪.೩. ಎಸ್‌ಡಿ ೫.೫. ಒಂಟೆಯ ಒಂದು ದಿಬ್ಬ ಕರಗಿಹೋಗಿತ್ತು.

“ಆರು ಪೇರು ಮಟ್ಟುಂ…” ಎಂದು ಸಂಹಿತಾ ಮಾತು ನುಂಗಿದಳು. ಆರು ಜನ ಮಾತ್ರ. ತೀರಿಕೊಂಡವರನ್ನು ಮತ್ತೆ ಕೇಳಲಾಗದು, ಬೇರೆಯವರ ಬಾಯಿಂದ ಕೇಳಿ ತಿದ್ದುವ ಹಾಗೂ ಇಲ್ಲ. ಹೇಳಿದ್ದ ಅಂಕವನ್ನೇ ಉಳಿಸಿಕೊಂಡು ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಹಾಕಿದ್ದರು. ಅದೇ ಸರಿಯಾದ ಕ್ರಮ. ವೃಂದಾ ಇದ್ದರೂ ಹಾಗೇ ಮಾಡುತ್ತಿದ್ದಳು.

ಹಾಳೆಯ ಮೇಲೆ ಕಣ್ಣಾಡಿಸಿದಳು. ಕಾಯಿಲೆ ತೀವ್ರವಾಗಿರುವವರು, ನೂರ ಇಪ್ಪತ್ತೆರಡು. ಎತ್ತರ: ಗರಿಷ್ಠ ೧೮೬. ಎಂಟು ಪ್ರಶ್ನೆಯ ಅಂಕ: ಕನಿಷ್ಠ ೭.

ಎರಡೂ ಒಬ್ಬರೇ. ನೂರ ಇಪ್ಪತ್ತೆರಡು ಜನರಲ್ಲಿ ಎಲ್ಲರಿಗಿಂತ ಉದ್ದದ ಮನುಷ್ಯ, ಎಲ್ಲರಿಗಿಂತ ಕಡಿಮೆ ಕಷ್ಟಪಟ್ಟ ಮನುಷ್ಯ. ಅಚ್ಚಾಗಿ ಊರೂರಿನ ಡಾಕ್ಟರುಗಳು ಓದುವ ಹಾಳೆಯಲ್ಲಿ ಅಪ್ಪ ಇನ್ನು ಹೀಗೇ ಇರುತ್ತಾರೆ.

“ಅಕ್ಕಾ,” ಸಂಹಿತಾ ಹಿಂಜರಿಯುತ್ತಾ, ಮೊದಲ ಬಾರಿಗೆ ಕನ್ನಡದಲ್ಲಿ ಕೇಳಿದಳು, “ನೀವು ಚೆನ್ನಾಗಿದೀರಾ?”

“ಚೆನ್ನಾಗಿದೀನಿ,” ಎಂದಳು ವೃಂದಾ, ಅವಳ ಪ್ರಶ್ನೆ ಮುಗಿಯುವ ಮೊದಲೇ.

ಸಂಜೆ ಆ ಹಾಳೆಯನ್ನು ಮನೆಗೆ ತಂದು ಬೆತ್ತದ ಕುರ್ಚಿಯ ಪಕ್ಕದ ಮೇಜಿನ ಮೇಲಿಟ್ಟಳು. ಜಯಲಕ್ಷ್ಮೀ ಕನ್ನಡಕ ಹಾಕಿಕೊಂಡರು. ವಿಮಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ಟೈಪಿಸ್ಟ್ ಆಗಿದ್ದವರು, ಅಂಕಿಗಳ ಹಾಳೆಗೆ ಹೆದರುವವರಲ್ಲ.

“ಇದರಲ್ಲಿ ಅವರೆಲ್ಲಿದಾರೆ?”

ವೃಂದಾ ೧೮೬ರ ಮೇಲೆ ಬೆರಳಿಟ್ಟಳು. ಆಮೇಲೆ ಬೆರಳನ್ನು ಕೆಳಗಿಳಿಸಿ ೭ರ ಮೇಲಿಟ್ಟಳು.

“ಎಲ್ಲರಿಗಿಂತ ಕಮ್ಮಿ ಕಷ್ಟ ಇವರಿಗೇ ಅಂತ ಬರ್ದಿದಾರಾ?”

“ಹೂಂ.”

“ಆಫೀಸಲ್ಲಿ ತಿದ್ದಲ್ವಾ?”

“ತಿದ್ದೋ ಹಾಗಿಲ್ಲಮ್ಮ.”

ಜಯಲಕ್ಷ್ಮೀ ಹಾಳೆಯನ್ನೇ ನೋಡುತ್ತಾ ಕೂತರು. ಗಂಡನ ಕಾಯಿಲೆಯ ಹೆಸರನ್ನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳದ ಹೆಂಗಸು. ಟಿವಿಯ ಮೇಲಿದ್ದ ಶಾಯಿಪೆನ್ನನ್ನು ತೆಗೆದುಕೊಂಡು ೭ರ ಮೇಲೆ ಒಂದು ಅಡ್ಡಗೆರೆ ಎಳೆದರು. ಅದರ ಪಕ್ಕ ಗುಂಡಗೆ ೩೩ ಎಂದು ಬರೆದರು. ವಿಮಾ ಕಚೇರಿಯಲ್ಲಿ ಯಾವ ಕಾಗದದಲ್ಲಿ ಏನು ತಿದ್ದಿದರೂ ತಿದ್ದಿದವರು ಅಲ್ಲೇ ಚಿಕ್ಕದಾಗಿ ರುಜು ಹಾಕಬೇಕು, ಇಲ್ಲದಿದ್ದರೆ ಅದು ನಡೆಯುವುದಿಲ್ಲ. ಅವರು ರುಜು ಹಾಕಿದರು. ಆಮೇಲೆ ಪೆನ್ನನ್ನು ಮಗಳ ಕಡೆ ನೂಕಿದರು.

“ನೀನೂ ಹಾಕು. ಹೇಳಿದೋಳು ನೀನಲ್ವಾ.”

ಹದಿನಾರು ವರ್ಷದಲ್ಲಿ ಅಚ್ಚಾದ ಪಟ್ಟಿಯ ಮೇಲೆ ಯಾರನ್ನೂ ಪೆನ್ನು ಮುಟ್ಟಿಸಲು ಬಿಟ್ಟವಳಲ್ಲ ವೃಂದಾ. ಪೆನ್ನು ತೆಗೆದುಕೊಂಡಳು. ಅಪ್ಪ ಎತ್ತಿದ ಬೆರಳು ಕಣ್ಣಿಗೆ ಬಂತು, ಅದು ಮೆಲ್ಲಗೆ ಕೆಳಗಿಳಿದದ್ದು ಬಂತು, ಕಾಯುವುದಕ್ಕೆ ತನಗೆ ಹೊತ್ತಿರಲಿಲ್ಲ ಎಂಬುದು ಬಂತು. ಹಾಳೆಯ ಮೇಲೆ ನೀರು ಬಿದ್ದು ೩೩ರ ಶಾಯಿ ಹರಡಿಕೊಂಡಿತು. ಅಮ್ಮ ಸೆರಗಿನಿಂದ ಅದನ್ನು ಒತ್ತಿ, ಹಾಳೆ ಜರುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡರು. ವೃಂದಾ ಅಳುತ್ತಲೇ ಹಾಕಿದಳು, ರುಜು ಸರಿಯಾಗಿ ಬರಲಿಲ್ಲ.